ರೆಪ್ಪೆ ಎಣಿಸುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ಹಾಸನದ ಕಾಲೇಜಿನ ಕಚೇರಿಯಲ್ಲಿ ಕೂತು ವರ್ಗಾವಣೆ ಪತ್ರಗಳಿಗೆ ಮೊಹರು ಒತ್ತುತ್ತಿದ್ದೆ. ಹತ್ತು ನಿಮಿಷದೊಳಗೆ ಗುಂಪಿನ ತುಂಬ ಕೈಮುಗಿದ ಚಿತ್ರಗಳು. “ಹೊಳೆನರಸೀಪುರಕ್ಕೆ ಕಂಪ್ಯೂಟರ್ ತೋರಿಸಿದ ಪುಣ್ಯಾತ್ಮರು” ಎಂದು ಒಬ್ಬರು ಬರೆದರು. “ಶಿಸ್ತು ಅಂದರೆ ಸಾರ್, ಸಾರ್ ಅಂದರೆ ಶಿಸ್ತು” ಎಂದು ಇನ್ನೊಬ್ಬರು. ಆಮೇಲೆ ಯಾರೋ ನನ್ನ ಹೆಸರು ಹಿಡಿದು, “ಮೇಡಂ ಸಾರ್ ಹತ್ರ ಮೂರು ವರ್ಷ ಕೆಲಸ ಮಾಡಿದವರು, ನಾಲ್ಕು ಮಾತು ಬರೀಲಿ” ಎಂದರು. ನಾನು ಫೋನು ಮಗುಚಿಟ್ಟು ಮೊಹರು ಒತ್ತುವುದನ್ನು ಮುಂದುವರಿಸಿದೆ. ದುಃಖವೇನೂ ಆಗಲಿಲ್ಲ. ಆದದ್ದು ಅಸಹ್ಯ. ಅವತ್ತು ಬರೆಯದ ಆ ನಾಲ್ಕು ಮಾತನ್ನು ಈಗ ಬರೆಯುತ್ತಿದ್ದೇನೆ. ಅವರನ್ನು ಬಹುವಚನದಲ್ಲೇ ಕರೆಯುತ್ತೇನೆ. ಗೌರವದಿಂದಲ್ಲ. ಬಾಯಿಗೆ ಬಿದ್ದ ಅಭ್ಯಾಸ, ಬಿಡಿಸಿಕೊಳ್ಳಲಾಗಿಲ್ಲ.

ಅವರೆಂದರೆ ನನಗೆ ಮೊದಲು ನೆನಪಾಗುವುದು ಒಂದು ಪಿನ್ನು. ಅಂಗಿಯ ಜೇಬಿನ ಒಳಮಗ್ಗುಲಿಗೆ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಸೇಫ್ಟಿ ಪಿನ್ನು. ಪಾಠ ಹೇಳುತ್ತ ಹೇಳುತ್ತಲೇ ಅದನ್ನು ತೆಗೆದು ಕಿವಿಯೊಳಗೆ ಆಡಿಸುವರು. ಕಣ್ಣು ಅರೆ ಮುಚ್ಚಿರುತ್ತಿತ್ತು, ತುಟಿ ಒಂದು ಕಡೆಗೆ ಸೊಟ್ಟಗಾಗಿರುತ್ತಿತ್ತು. ಈಚೆ ಬಂದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೇಜಿನ ಅಡಿಗೆ ಒರೆಸುವರು. ಸಿ.ಡಿ. ಡ್ರೈವಿನ ಬಾಗಿಲು ಸಿಕ್ಕಿಕೊಂಡರೆ ಅದರ ಸಣ್ಣ ತೂತಿಗೆ ಚುಚ್ಚುತ್ತಿದ್ದುದೂ ಅದೇ ಪಿನ್ನನ್ನು. ಒಳಗಿಂದ ಬಂದ ಸಿ.ಡಿ.ಯನ್ನು, ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಒರೆಸುವರು. ಆಮೇಲೆ ನನ್ನ ಕೈಗೆ ಕೊಟ್ಟು, “ಹಾಕಮ್ಮ” ಎನ್ನುವರು.

ದೂರದಿಂದ ನೋಡಿದರೆ ಅವರಷ್ಟು ಚೊಕ್ಕಟದ ಮನುಷ್ಯ ಊರಲ್ಲೇ ಇಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿಯ ತುಂಬುತೋಳಿನ ಅಂಗಿ, ಕತ್ತಿಗೆ ಪೌಡರು, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು. ಕೋಟೆ ಬೀದಿಯಲ್ಲಿ ಅವರ ಮನೆ. ಕೆಳಗೆ ಕಂಪ್ಯೂಟರ್ ಸೆಂಟರು, ಮೇಲೆ ಸಂಸಾರ. ಆರು ಕಂಪ್ಯೂಟರ್‌ಗಳಿದ್ದವು, ಆರಕ್ಕೂ ಹೂವಿನ ಅಂಚಿನ ಬಟ್ಟೆಯ ಮುಸುಕು. ಚಪ್ಪಲಿ ಹೊರಗೆ ಬಿಡಬೇಕು. ಹುಡುಗಿಯರು ಒಳಗೆ ಬರುವ ಮೊದಲು ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು, ಎರಡೂ ಅಂಗೈಯನ್ನು ಅವರಿಗೆ ತೋರಿಸಬೇಕು. ಪಿನ್ನು ಕಿವಿಯಲ್ಲಿಟ್ಟುಕೊಂಡೇ ಅವರು ಅಂಗೈಗಳ ತಪಾಸಣೆ ಮಾಡುತ್ತಿದ್ದರು.

“ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣ್ರಮ್ಮ. ಮನುಷ್ಯ ಹೇಳ್ತಾನೆ,” ಎನ್ನುವುದು ಅವರ ಮೊದಲ ದಿನದ ಪಾಠ. ಕೊನೆಯ ದಿನದ ಪಾಠವೂ ಅದೇ. ನಡುವೆ ಕಲಿಸುವುದನ್ನು ನಾನು ಕಲಿಸುತ್ತಿದ್ದೆ. ಆಗ ನನಗೆ ಇಪ್ಪತ್ತನಾಲ್ಕು.

ಬೆಂಗಳೂರಿನಿಂದ ಅವರು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್‌ಗಳನ್ನು ತರಿಸಿದಾಗ ಒಂದು ರಟ್ಟಿನ ಪೆಟ್ಟಿಗೆಯ ತಳದಲ್ಲಿ ನಾಲ್ಕು ಸಿ.ಡಿ.ಗಳು ಸಿಕ್ಕಿದವು. ಅದೊಂದು ಪತ್ತೇದಾರಿ ಆಟ. ಮುಂದಿನ ಯಾವುದೋ ಕಾಲದ ಒಂದು ಮಹಾನಗರ. ಅಲ್ಲಿ ಮಳೆ ನಿಲ್ಲುವುದೇ ಇಲ್ಲ, ಬೆಳಗಾಗುವುದೂ ಇಲ್ಲ. ನೀರು ನಿಂತ ಗಲ್ಲಿಗಳಲ್ಲಿ ಕೆಂಪು, ಹಸಿರು ದೀಪದ ಬೋರ್ಡುಗಳು ಹೊಳೆಯುತ್ತಿರುತ್ತವೆ, ಜನ ಕೊಡೆ ಹಿಡಿದು ತಲೆ ತಗ್ಗಿಸಿ ಓಡಾಡುತ್ತಿರುತ್ತಾರೆ. ಕಾರ್ಖಾನೆಯಲ್ಲಿ ತಯಾರಾದ ಯಂತ್ರಮನುಷ್ಯರು ಕೆಲವರು ತಪ್ಪಿಸಿಕೊಂಡು ಬಂದು ಈ ಜನರೊಳಗೆ ಬೆರೆತುಬಿಟ್ಟಿದ್ದಾರೆ. ನೋಡಲು ನಮ್ಮ ನಿಮ್ಮಂತೆಯೇ. ನಾವು ಪತ್ತೇದಾರ. ಅಂಗಡಿಯವರನ್ನು, ಬಾಡಿಗೆ ಕೋಣೆಯವರನ್ನು ಮಾತಾಡಿಸಿ, ಫೋಟೋಗಳನ್ನು ದೊಡ್ಡದು ಮಾಡಿ ನೋಡಿ, ಅವರನ್ನು ಹುಡುಕಬೇಕು. ಅನುಮಾನ ಬಂದವರನ್ನು ಒಂದು ಪೆಟ್ಟಿಗೆಯ ಮುಂದೆ ಕೂರಿಸಿ ಪ್ರಶ್ನೆ ಕೇಳಬಹುದು. ಆ ಪೆಟ್ಟಿಗೆ ಅವರ ಕಣ್ಣಿನ ರೆಪ್ಪೆಯನ್ನು ದೊಡ್ಡದಾಗಿ ತೋರಿಸುತ್ತದೆ. ಯಂತ್ರಮನುಷ್ಯನಾದರೆ ರೆಪ್ಪೆ ಬಡಿಯುವುದು ಒಂದು ಗಳಿಗೆ ತಡವಂತೆ.

ಬೆಳಗಿನ ಬ್ಯಾಚು ಮುಗಿದ ಮೇಲೆ ಹತ್ತರಿಂದ ಹನ್ನೆರಡರವರೆಗೆ ಅವರು ಆ ಆಟ ಆಡುತ್ತಿದ್ದರು. ಆಡುವುದೆಂದರೆ, ಗುಂಡು ಹೊಡೆಯುವುದು. ಗಾಡಿಯಲ್ಲಿ ತಿಂಡಿ ಮಾರುವ ಒಬ್ಬ ಮುದುಕ ಮೊದಲ ಸಿ.ಡಿ.ಯಲ್ಲೇ ಸಿಗುತ್ತಾನೆ. ಅವನಿಗೆ ಬೇಕಾದಷ್ಟು ವಿಷಯ ಗೊತ್ತು, ಕೇಳುವ ತಾಳ್ಮೆ ಬೇಕು. ಇವರು ಒಂದು ಪ್ರಶ್ನೆ ಕೇಳಿ, ಮಾನಿಟರಿಗೆ ಮೂಗು ತಗಲುವಷ್ಟು ಬಗ್ಗಿ, “ಇವನ ಮುಖ ನೋಡಮ್ಮ. ಇವನು ಮನುಷ್ಯ ಅಲ್ಲ,” ಎಂದು ಹೊಡೆದೇಬಿಟ್ಟರು. ಮುದುಕ ತನ್ನ ಗಾಡಿಯ ಮೇಲೆಯೇ ಬೋರಲಾಗಿ ಬಿದ್ದ. ಅವನು ಮನುಷ್ಯನೇ ಆಗಿದ್ದ.

ಆ ಆಟದ ವಿಶೇಷವೆಂದರೆ, ತಪ್ಪು ಮಾಡಿದರೆ ಅದು ನಿಲ್ಲುವುದಿಲ್ಲ, ಬೈಯುವುದೂ ಇಲ್ಲ. ಸುಮ್ಮನೆ ಮುಂದುವರಿಯುತ್ತದೆ. ಆದರೆ ಆಮೇಲೆ ಯಾವ ಅಂಗಡಿಗೆ ಹೋದರೂ ಬಾಗಿಲು ಹಾಕಿರುತ್ತದೆ, ಯಾರೂ ಮಾತಾಡುವುದಿಲ್ಲ. ಪತ್ತೇದಾರ ಎರಡನೆಯ ಸಿ.ಡಿ.ಯಲ್ಲಿ ಮುಂದೆ ದಾರಿಯಿಲ್ಲದ ಒಂದು ಗಲ್ಲಿಗೆ ಬಂದು ಮಳೆಯಲ್ಲಿ ನಿಂತುಬಿಡುತ್ತಾನೆ. ಇವರು ಪ್ರತಿ ಸಲವೂ ಅಲ್ಲಿಗೇ ಬಂದು ನಿಲ್ಲುತ್ತಿದ್ದರು. “ಸಿ.ಡಿ. ಗೀರಾಗಿದೆ” ಎಂದು ಪಿನ್ನು ಚುಚ್ಚಿ, ತೆಗೆದು, ಎಂಜಲು ಹಚ್ಚಿ ಒರೆಸಿ, ಮತ್ತೆ ಹಾಕುತ್ತಿದ್ದರು. ತಾವೇ ಎಲ್ಲರನ್ನೂ ಕೊಂದಿರುವುದರಿಂದ ದಾರಿ ಮುಚ್ಚಿದೆ ಎಂದು ಅವರಿಗೆ ಒಂದು ದಿನವೂ ಹೊಳೆಯಲಿಲ್ಲ.

ಹೊಳೆದದ್ದು ಭಾಗ್ಯಳಿಗೆ. ಭಾಗ್ಯ ನನ್ನ ವಿದ್ಯಾರ್ಥಿನಿ, ಅರಕಲಗೂಡು ಕಡೆಯ ಹಳ್ಳಿಯವಳು. ಪಿ.ಯು.ಸಿ. ಮುಗಿಸಿ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹತ್ತೊಂಬತ್ತರ ಹುಡುಗಿ. ಅಂಗೈ ತೋರಿಸುವಾಗ ಅವಳದರಲ್ಲಿ ಹೊಗೆಸೊಪ್ಪಿನ ಕಂದು ಕಲೆ ಇರುತ್ತಿತ್ತು, ಎಷ್ಟು ತೊಳೆದರೂ ಹೋಗದು. ಅದಕ್ಕಾಗಿ ದಿನವೂ ಒಮ್ಮೆ ಬೈಗುಳ ತಿನ್ನುವಳು. ಮಧ್ಯಾಹ್ನ ಒಂದಕ್ಕೆ ಅವರು ಊಟಕ್ಕೆಂದು ಮೇಲೆ ಹೋದರೆ ಮೂರರವರೆಗೆ ಇಳಿಯುತ್ತಿರಲಿಲ್ಲ. ಭಾಗ್ಯಳಿಗೆ ಊರಿಗೆ ಬಸ್ಸು ಮೂರೂವರೆಗೆ. ಆ ಎರಡು ಗಂಟೆ ನಾವಿಬ್ಬರೂ ಆಟ ಆಡುತ್ತಿದ್ದೆವು.

ಇಂಗ್ಲಿಷ್ ನಿಘಂಟು ತೊಡೆಯ ಮೇಲಿಟ್ಟುಕೊಂಡು, ಯಾರು ಏನು ಹೇಳಿದರೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಡುತ್ತಿದ್ದಳು ಅವಳು. ಆ ತಿಂಡಿ ಗಾಡಿಯ ಮುದುಕನ ಹತ್ತಿರ ಹೋದಾಗಲೆಲ್ಲ, “ಮೇಡಂ, ಇನ್ನೊಂದ್ಸಲ ಕೇಳಾವ. ಪಾಪ, ಏನೋ ಏಳ್ಬೇಕು ಅಂತಾವ್ನೆ ಅವ್ನು,” ಎನ್ನುವಳು. ಒಬ್ಬರಿಗೂ ಗುಂಡು ಹೊಡೆಯದೆ ಅವಳು ನನ್ನನ್ನು ನಾಲ್ಕನೆಯ ಸಿ.ಡಿ.ಯವರೆಗೆ ಕರೆದುಕೊಂಡು ಹೋದಳು. ಅಲ್ಲಿ ಗೊತ್ತಾಗುತ್ತದೆ, ಆ ಪೆಟ್ಟಿಗೆ ಎಷ್ಟೋ ಸಲ ತಪ್ಪು ಹೇಳಿದೆ, ಹೆದರಿದ ಮನುಷ್ಯರನ್ನೆಲ್ಲ ಯಂತ್ರವೆಂದಿದೆ ಎಂದು. ಕೊನೆಗೆ ಪತ್ತೇದಾರ ಅದರ ಮುಂದೆ ತಾನೇ ಕೂರುತ್ತಾನೆ. ಅದು ಅವನನ್ನೂ ಯಂತ್ರವೆನ್ನುತ್ತದೆ. ಅವನು ಎದ್ದು ಹೊರಗೆ ಮಳೆಗೆ ನಡೆಯುತ್ತಾನೆ. ಅಷ್ಟೆ. ಭಾಗ್ಯ ಆಮೇಲೆ, “ಡಿಗ್ರಿಗೆ ಸೇರ್ತೀನಿ ಕಣ್ ಮೇಡಂ, ಹಾಸನದಲ್ಲಿ,” ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ, ಆದರೆ ಅವಳ ಮುಖ ಬೆಳಗುತ್ತಿತ್ತು.

ಅದೇ ವರ್ಷ ಅವರು ಒಂದು ವೆಬ್ ಕ್ಯಾಮೆರಾ ತಂದರು. ಚೆಂಡಿನ ಹಾಗೆ ದುಂಡಗಿನದು. ಅದನ್ನು ಕಣ್ಣಿನ ಹತ್ತಿರ ಹಿಡಿದರೆ ರೆಪ್ಪೆ ಮಾನಿಟರಿನ ತುಂಬ ಹರಡಿಕೊಳ್ಳುತ್ತಿತ್ತು. ಎದುರು ಬಟ್ಟೆ ಅಂಗಡಿಯಲ್ಲಿ ಒಂದು ಥಾನು, ಇಡೀ ಬಟ್ಟೆಯ ಸುರುಳಿ, ಕಾಣೆಯಾಗಿತ್ತು. ಅಂಗಡಿಯವರು ತಮ್ಮ ದರ್ಜಿಯನ್ನು ಕರೆತಂದರು. ಮಧ್ಯವಯಸ್ಸಿನ ಸಾಧು ಮನುಷ್ಯ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಕ್ಯಾಮೆರಾ ಹಿಡಿದು, ಒಂದು ಖಾಲಿ ಪ್ರೋಗ್ರಾಮಿನಲ್ಲಿ ಹಸಿರು ಗೆರೆ ಓಡಿಸಿ, ಇವರು ಗಂಭೀರವಾಗಿ, “ಕಂಪ್ಯೂಟರ್ ಸುಳ್ಳು ಹೇಳಲ್ಲ” ಎಂದರು. ದರ್ಜಿ ನಡುಗಿಹೋಗಿ, ಉಳಿದ ತುಂಡುಬಟ್ಟೆಗಳನ್ನು ಮಕ್ಕಳ ಲಂಗಕ್ಕೆ ಮನೆಗೆ ಒಯ್ಯುತ್ತಿದ್ದೆನೆಂದು ಅತ್ತ. ಥಾನಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಅದು ಆಮೇಲೆ ಗೋದಾಮಿನಲ್ಲೇ ಸಿಕ್ಕಿತು. ಆದರೆ ಊರಲ್ಲಿ ಹರಡಿದ ಸುದ್ದಿ ಒಂದೇ: ಸಾರ್ ಹತ್ರ ದಿಟ ಹೇಳೋ ಕಂಪ್ಯೂಟರ್ ಬಂದಿದೆ.

ಅಲ್ಲಿಂದ ಜನ ಬರಲು ಶುರುವಾದರು. ಚನ್ನರಾಯಪಟ್ಟಣದಿಂದ, ಅರಕಲಗೂಡಿನಿಂದ, ಹಾಸನದಾಚೆಯ ಸಾಲಗಾಮೆ, ಕಟ್ಟಾಯದಿಂದ. ಸೊಸೆಯನ್ನು ಕರೆತರುವ ಅತ್ತೆಯರು, ಹೆಂಡತಿಯನ್ನು ಕರೆತರುವ ಗಂಡಂದಿರು. ಗಂಡನನ್ನು ಕರೆತಂದ ಹೆಂಡತಿ ಒಬ್ಬಳೂ ಬರಲಿಲ್ಲ. ಬಂದವರನ್ನು ಅವರು ಹಜಾರದಲ್ಲಿ ಕೂರಿಸಿ, ಮೇಲಿನಿಂದ ಕಾಫಿ ತರಿಸಿ ಕೊಟ್ಟು, “ನಿಮಗೇನು ಅನ್ನಿಸುತ್ತೆ?” ಎಂದು ಮೊದಲೇ ಕೇಳಿಕೊಳ್ಳುತ್ತಿದ್ದರು. ಅವರಿಗೆ ಏನು ಅನ್ನಿಸಿತ್ತೋ ಕಂಪ್ಯೂಟರಿಗೂ ಅದೇ ಅನ್ನಿಸುತ್ತಿತ್ತು.

ಕ್ಯಾಮೆರಾ ಹಿಡಿಯುವುದು ನನ್ನ ಕೆಲಸ. ಮಾನಿಟರಿನಲ್ಲಿ ಒಂದು ಹೆಂಗಸಿನ ಕಣ್ಣು ಬಾಳೆಲೆಯ ಕುಡಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೂಲೆಯಲ್ಲಿ ಗಟ್ಟಿಯಾದ ಕಾಡಿಗೆ, ಬಿಳಿಗುಡ್ಡೆಯ ಕೆಂಪು ನರ, ಅಂಚಿನಲ್ಲಿ ತುಂಬಿಕೊಳ್ಳುತ್ತಿದ್ದ ನೀರು. ಅವರು ಕಿವಿಯಿಂದ ಪಿನ್ನು ತೆಗೆದು ಅದರ ತುದಿಯಿಂದ ಮಾನಿಟರಿನ ಆ ಕಣ್ಣನ್ನು ಟಕ್ ಟಕ್ ಎಂದು ಕುಟ್ಟಿ ತೋರಿಸುವರು. “ಇಲ್ಲಿ ನೋಡಿ. ರೆಪ್ಪೆ. ಒಂದು, ಎರಡು, ಮೂರು. ಪ್ರಶ್ನೆ ಕೇಳಿದ ತಕ್ಷಣ ಮೂರು.” ಗಾಜಿನ ಮೇಲೆ ಕಿವಿಯ ಜಿಡ್ಡಿನ ಚುಕ್ಕಿಗಳು ಉಳಿಯುತ್ತಿದ್ದವು. ಸಂಜೆ ಒದ್ದೆ ಬಟ್ಟೆಯಿಂದ ಅವನ್ನು ಒರೆಸುವವಳೂ ನಾನೇ. ಇದನ್ನು ಬರೆಯುವಾಗಲೂ ಬೆರಳ ತುದಿಯಲ್ಲಿ ಅದರ ಅಂಟು ಇದ್ದಂತೆ ಆಗುತ್ತದೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಅವರು ಯಾವ ಹೆಣ್ಣುಮಗಳ ಮೈಯನ್ನೂ ಮುಟ್ಟಿದವರಲ್ಲ, ಕೆಟ್ಟ ಮಾತು ಆಡಿದವರಲ್ಲ. ಎಲ್ಲರನ್ನೂ “ತಾಯಿ” ಎನ್ನುತ್ತಿದ್ದರು. ಅದರಿಂದ ನನ್ನ ಅಸಹ್ಯ ಕಡಿಮೆಯಾಗುವುದಿಲ್ಲ. ಮುಟ್ಟಿದ್ದರೆ ಯಾರಾದರೂ ಕಪಾಳಕ್ಕೆ ಹೊಡೆದು ನಿಲ್ಲಿಸುತ್ತಿದ್ದರು.

ಒಂದು ದಿನ ಭಾಗ್ಯಳ ಅಪ್ಪ ಬಂದರು. ಹಿಂದೆ ಭಾಗ್ಯ. ಅವಳು ಅಂದು ಕೈ ತೊಳೆದು ಅಂಗೈ ತೋರಿಸಲು ನಿಂತಳು, ಆದರೆ ಸಾರ್ ಅವಳ ಅಂಗೈ ನೋಡದೆ ಅವಳಪ್ಪನನ್ನು ನೋಡಿದರು.

“ಬಸ್‌ಸ್ಟ್ಯಾಂಡ್ನಲ್ಲಿ ಯಾವನ ಜೊತೆಗೋ ನಿಂತಿದ್ಲಂತೆ ಸಾ,” ಎಂದರು ಅವಳಪ್ಪ. “ನಾ ಕಂಡಿಲ್ಲ. ಕಂಡೋರು ಏಳವ್ರೆ. ಒಂದ್ಸಲ ನೋಡ್ಬುಡಿ.”

“ನೋಡೋಣ ಗೌಡ್ರೆ. ಮೊದ್ಲು ಕಾಫಿ ಕುಡೀರಿ,” ಎಂದರು ಇವರು.

ಭಾಗ್ಯ ಕುರ್ಚಿಯಲ್ಲಿ ಕೂತಳು. ನಾನು ಕ್ಯಾಮೆರಾ ಹಿಡಿದೆ. ಅವಳು ನನ್ನನ್ನು ನೋಡಿ ಸ್ವಲ್ಪ ನಕ್ಕಳು. ಇದು ಬೇಗ ಮುಗಿಯುತ್ತದೆ ಎಂಬ ನಗು.

“ಬಸ್ ಸ್ಟ್ಯಾಂಡಲ್ಲಿ ಯಾರ ಜೊತೆ ಮಾತಾಡ್ತಿದ್ದೆ ತಾಯಿ?”

“ನನ್ ಜೊತೆ ಪಿ.ಯು.ಸಿ. ಓದಿದೋನು ಸಾ. ಡಿಗ್ರಿ ಅರ್ಜಿಗೆ ಕೊನೇ ದಿನ ಯಾವತ್ತು ಅಂತ ಕೇಳ್ದೆ.”

“ಅಷ್ಟೇನಾ?”

“ಅಷ್ಟೇಯ.”

ಪಿನ್ನು ಮಾನಿಟರನ್ನು ಕುಟ್ಟಿತು. “ನೋಡಿ ಗೌಡ್ರೆ. ಅಷ್ಟೇ ಅಂದಾಗ ರೆಪ್ಪೆ ಎಷ್ಟು ಸಲ ಬಡೀತು?”

ಆಗ ಭಾಗ್ಯ ಕ್ಯಾಮೆರಾದಿಂದ ಮುಖ ತಿರುಗಿಸಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ತರಗತಿಯಲ್ಲಿ ತಪ್ಪು ತೋರಿಸುವ ಹುಡುಗಿಯ ದನಿ.

“ಸಾ, ಇದು ಆ ಆಟದಲ್ಲಿರಾ ಪೆಟ್ಟಿಗೆ ಅಲ್ವಾ? ನಾನು ಆಡಿದೀನಿ. ಆಟದಲ್ಲೂ ಇದು ತಪ್ಪೇ ಏಳದು ಸಾ. ಎದರ್ಕಂಡೋರ್ನೆಲ್ಲಾ ಮಿಷನ್ನು ಅಂತದೆ. ನಾಕ್ನೇ ಸೀಡಿಗೆ ಬಂದ್ರೆ ನಿಮ್ಗೇ ಗೊತ್ತಾಯ್ತದೆ.”

ಅವರ ಕೈಯಲ್ಲಿ ಪಿನ್ನು ನಿಂತಿತ್ತು. ಕತ್ತಿನ ಪೌಡರಿನ ಮೇಲೆ ಬೆವರು ಗೆರೆ ಎಳೆಯಿತು. “ಹುಡುಗಿ ದಾರಿ ತಪ್ಪಿಸ್ತಿದಾಳೆ ಗೌಡ್ರೆ,” ಎಂದರು. “ಯಾವ ಆಟಾನೂ ಇಲ್ಲ ಇಲ್ಲಿ.” ಎಂದವರೇ ನನ್ನ ಕಡೆಗೆ ನೋಡಿದರು. ಅವಳಪ್ಪನೂ ನನ್ನ ಕಡೆಗೇ ತಿರುಗಿದರು.

“ನೀವೇಳಿ ಮೇಡಂ. ನೀವೂ ಒಂದು ಹೆಣ್ಣು. ಇದು ದಿಟ್ವಾ, ಆಟ್ವಾ?”

ಕೆಲಸ ಹೋಗುವ ಭಯವಿತ್ತು ಎಂದು ಬರೆದುಬಿಟ್ಟರೆ ಓದುವವರಿಗೆ ಅರ್ಥವಾಗುತ್ತದೆ, ನನಗೂ ಹಗುರ. ಆದರೆ ನನಗಿದ್ದದ್ದು ಭಯವಲ್ಲ. ಹಾಸನದ ಕಾಲೇಜೊಂದರಲ್ಲಿ ಕೆಲಸ ಖಾಲಿಯಿತ್ತು. ಅಲ್ಲಿಯವರಿಗೆ ಸಾರ್ ಪರಿಚಯ. ಮುಂದಿನ ವಾರ ಶಿಫಾರಸು ಪತ್ರ ಬರೆದುಕೊಡುತ್ತೇನೆ ಎಂದಿದ್ದರು. ಆ ಪತ್ರ ನನ್ನ ಕಣ್ಣ ಮುಂದೆ ಬಂತು.

“ದಿಟ,” ಎಂದೆ.

ನಮ್ಮ ಮನೆಯಲ್ಲಿ ಆ ಪದ ಬಳಸುವುದಿಲ್ಲ. ಅವರು ಕೇಳಿದ ಪದವನ್ನೇ ಎತ್ತಿ ಅವರ ಕೈಗೆ ಕೊಟ್ಟೆ. ಎರಡು ಅಕ್ಷರ. ಭಾಗ್ಯ ಅಳಲಿಲ್ಲ. ನನ್ನನ್ನು ನೋಡಿದಳು, ಅಷ್ಟೆ. ಅವಳು ಏಳುವಾಗ ಬಿಟ್ಟ ನೋಟ್‌ಬುಕ್ಕು ಕುರ್ಚಿಯ ಮೇಲೆ ಉಳಿಯಿತು. ಸಾರ್ ಅದನ್ನು ಕಸದ ಬುಟ್ಟಿಗೆ ಹಾಕಿದರು. ನಾನು ತೆಗೆಯಲಿಲ್ಲ.

ಎರಡು ತಿಂಗಳೊಳಗೆ ಅವಳಿಗೆ ಮದುವೆಯಾಯಿತೆಂದು, ಹಿರೀಸಾವೆಗೆ ಕೊಟ್ಟರೆಂದು ಅವಳ ಊರಿನ ಇನ್ನೊಬ್ಬ ಹುಡುಗಿ ಹೇಳಿದಳು. ಅಷ್ಟರೊಳಗೆ ನನ್ನ ಪತ್ರ ಸಿದ್ಧವಾಗಿತ್ತು. “ಈಕೆ ಅತ್ಯಂತ ಪ್ರಾಮಾಣಿಕಳು” ಎಂದು ಅದರಲ್ಲಿತ್ತು. ಕೊಡುವಾಗ ಅವರು ಹೆಬ್ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿ ಸಹಿ ಮಾಡಿದರು. ಆ ಪತ್ರದಿಂದ ಸಿಕ್ಕಿದ ಕುರ್ಚಿಯಲ್ಲೇ ನಾನು ಈವತ್ತಿಗೂ ಕೂರುತ್ತಿದ್ದೇನೆ.

ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಅವರ ಪರೀಕ್ಷೆಯ ಮಾಟ ಇಳಿಯಿತು. ಜನ ಮನೆಯಲ್ಲೇ ಒಬ್ಬರ ಫೋನನ್ನು ಇನ್ನೊಬ್ಬರು ತಡಕುವುದನ್ನು ಕಲಿತರು. ಸೆಂಟರು ಜೆರಾಕ್ಸ್ ಅಂಗಡಿಯಾಯಿತು, ಆಮೇಲೆ ಅರ್ಜಿ ತುಂಬಿಕೊಡುವ ಅಂಗಡಿ. ಅವರ ಮರ್ಯಾದೆ ಮಾತ್ರ ಇಳಿಯಲಿಲ್ಲ. ಶಾಲೆಗಳ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಹೋಗಿ ಪ್ರಾಮಾಣಿಕತೆಯ ಮೇಲೆ ಭಾಷಣ ಮಾಡುತ್ತಿದ್ದರು. ಎರಡು ವರ್ಷದ ಹಿಂದೆ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ಕೊನೆಯ ಸಲ ಸಿಕ್ಕಿದರು. ಪಕ್ಕದಲ್ಲಿದ್ದವರಿಗೆ ನನ್ನನ್ನು ತೋರಿಸಿ, “ನನ್ನ ಕೈಯಲ್ಲಿ ತಯಾರಾದ ಹುಡುಗಿ” ಎಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, “ಆ ಆಟ ಈಗ ಇಂಟರ್‌ನೆಟ್ಟಲ್ಲೇ ಸಿಗುತ್ತಮ್ಮ. ಇಳಿಸ್ಕೊಂಡೆ. ಅದೂ ಕೆಟ್ಟಿದೆ. ಅದೇ ಗಲ್ಲಿಗೆ ಬಂದು ನಿಂತ್ಕೊಳುತ್ತೆ,” ಎಂದರು. ಪಾಯಸದ ವಾಸನೆಯ ಜೊತೆಗೆ ಅವರ ಉಸಿರು ನನ್ನ ಕೆನ್ನೆಗೆ ತಗಲಿತು. ನಾನು ಊಟ ಅರ್ಧಕ್ಕೆ ಬಿಟ್ಟು ಎದ್ದೆ.

ಇಷ್ಟು ವರ್ಷವೂ ನಾನು ಅವರನ್ನು ಮೋಸಗಾರ ಎಂದುಕೊಂಡಿದ್ದೆ. ಸುಳ್ಳೆಂದು ಗೊತ್ತಿದ್ದೂ ಆಡಿದ ನಾಟಕ ಎಂದು. ಅವರು ಸತ್ತ ತಿಂಗಳಿಗೆ ಅವರ ಹೆಂಡತಿ ಫೋನ್ ಮಾಡಿ, “ಒಂದ್ಸಲ ಬಂದು ಹೋಗ್ತೀಯಾಮ್ಮ? ಒಂದು ವಿಷಯ ಕೇಳೋದಿದೆ,” ಎಂದರು. ಸೆಂಟರಿಗೆ ಕಾಫಿ ಕಳಿಸುತ್ತಿದ್ದ ಕೈ ಎಂಬುದನ್ನು ಬಿಟ್ಟರೆ ಆಕೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ನಾನು ಮೇಲಿನ ಮನೆಗೆ ಹತ್ತಿರಲೇ ಇಲ್ಲ.

ಭಾನುವಾರ ಹೋದೆ. ಆಕೆ ನನ್ನನ್ನು ಚಾಪೆಯ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿ ಬಂದು, ತಗ್ಗಿದ ದನಿಯಲ್ಲಿ ಕೇಳಿದರು:

“ಆ ಕಂಪ್ಯೂಟರಿಗೆ ನಿಜವಾಗ್ಲೂ ಗೊತ್ತಾಗ್ತಿತ್ತೇನಮ್ಮ?”

“ಯಾಕೆ ಕೇಳ್ತೀರಿ?”

“ನಾನು ತೌರಿಗೆ ಹೋಗಿ ಬಂದಾಗಲೆಲ್ಲ ನನ್ನನ್ನ ಅಲ್ಲಿ ಕೂರಿಸೋರು. ಭಾನುವಾರ, ನೀವ್ಯಾರೂ ಇಲ್ಲದಾಗ. ಎಲ್ಲೆಲ್ಲಿ ಹೋಗಿದ್ದೆ, ಯಾರ ಹತ್ರ ಮಾತಾಡ್ದೆ ಅಂತ. ಆಮೇಲಾಮೇಲೆ ಫೋನಿನ ಕ್ಯಾಮೆರಾದಲ್ಲೇ ಮಾಡೋರು. ಹೋದ ವರ್ಷದ ತನಕ.” ಆಕೆ ಸೆರಗಿನ ತುದಿ ಸುತ್ತಿಕೊಂಡರು. “ಮೊದ್ಲು ಮೊದ್ಲು ರೆಪ್ಪೆ ಬಡ್ದು ಸಿಕ್ಕಿಹಾಕ್ಕೊಳ್ತಿದ್ದೆ. ತಿಂಗಳುಗಟ್ಟಲೆ ಮಾತು ಬಿಡೋರು. ಆಮೇಲೆ ಕನ್ನಡಿ ಮುಂದೆ ಅಭ್ಯಾಸ ಮಾಡ್ಕೊಂಡೆ. ಹೀಗೆ.”

ಆಕೆ ನನ್ನನ್ನು ನೆಟ್ಟ ಕಣ್ಣಿನಿಂದ ನೋಡಿದರು. ಕೆಳಗೆ ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗುತ್ತ ಬಂದು, ದಾಟಿ, ಆ ಕೂಗು ದೂರವಾಯಿತು. ಆಕೆಯ ಕಣ್ಣು ಕೆಂಪಾಗಿ ನೀರು ತುಂಬಿ ಕೆನ್ನೆಗೆ ಇಳಿಯಿತು. ರೆಪ್ಪೆ ಅಲುಗಲಿಲ್ಲ. ನನಗೆ ನೋಡಲಾಗದೆ, “ಸಾಕು, ಬಿಡಿ,” ಎಂದೆ.

ಹಾಗಾದರೆ ಅವರು ನಂಬಿದ್ದರು. ತಾವೇ ಹೂಡಿದ ಸುಳ್ಳನ್ನು ತಾವೇ ನಂಬಿ, ಅದನ್ನು ತಮ್ಮ ಹೆಂಡತಿಯ ಮುಖಕ್ಕೆ ಹಿಡಿದಿದ್ದರು. ಮೋಸಗಾರನ ಬಗ್ಗೆ ಇದ್ದ ಅಸಹ್ಯಕ್ಕಿಂತ ಇದು ಹೆಚ್ಚಾಯಿತೋ ಕಡಿಮೆಯಾಯಿತೋ ತೂಗಿ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

“ಅದಕ್ಕೆ ಏನೂ ಗೊತ್ತಾಗ್ತಿರಲಿಲ್ಲಮ್ಮ,” ಎಂದೆ. “ಅದು ಒಂದು ಆಟದಿಂದ ಕದ್ದದ್ದು. ಬರೀ ಆಟ.”

“ಆಟ,” ಎಂದರು ಆಕೆ. ಸೆರಗಿನಿಂದ ಕೆನ್ನೆ ಒರೆಸಿಕೊಂಡು, “ನಿನಗೆ ಆಗಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಹತ್ತಿ ಬಂದು ಹೇಳಬಹುದಿತ್ತಲ್ಲಮ್ಮ. ಹದಿನಾಲ್ಕು ಮೆಟ್ಟಿಲು.”

ಬೈಯಲಿಲ್ಲ ಆಕೆ. ಎದ್ದು ಹೋಗಿ ಕಾಫಿ ತಂದರು. ಕುಡಿದೆ. ಇಳಿಯುವಾಗ ಬೇಡವೆಂದರೂ ಮೆಟ್ಟಿಲು ಎಣಿಸಿದೆ.

ಮುಂದಿನ ಭಾನುವಾರ ಹಿರೀಸಾವೆಗೆ ಹೊರಟೆ. ಭಾಗ್ಯಳನ್ನು ಕೇಳಿ, ಅವಳಪ್ಪ ಎಲ್ಲಿದ್ದರೂ ಹೋಗಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಹೊತ್ತದ್ದನ್ನು ಅವರ ಮುಂದೆ ಇಳಿಸಿಬಿಡಬೇಕು, ನಿಮ್ಮ ಮಗಳು ಸುಳ್ಳಾಡಿರಲಿಲ್ಲ, ಆಡಿದ್ದು ನಾನು ಎಂದುಬಿಡಬೇಕು ಎಂದು. ಬಸ್ಸಿನಲ್ಲಿ ಚನ್ನರಾಯಪಟ್ಟಣ ದಾಟುವವರೆಗೂ ನನ್ನ ಬಗ್ಗೆ ನನಗೇ ಒಂದಿಷ್ಟು ಮೆಚ್ಚುಗೆಯಿತ್ತು. ಅದನ್ನೂ ಬರೆಯುತ್ತಿದ್ದೇನೆ.

ಭಾಗ್ಯ ಹೆದ್ದಾರಿಯ ಬದಿಯಲ್ಲಿ ಗಂಡನ ಜೊತೆ ಸಣ್ಣ ಹೋಟೆಲು ನಡೆಸುತ್ತಾಳೆ. ಕೇಳಿದ ಮೊದಲ ಅಂಗಡಿಯವರೇ ತೋರಿಸಿದರು. ಕೂದಲಲ್ಲಿ ಬಿಳಿ ಬಂದಿತ್ತು. ನನ್ನನ್ನು ಕಂಡು ಸೌಟು ಕೆಳಗಿಟ್ಟು, ಗುರುತು ಹಿಡಿದು, ನಗದೆ, “ಬನ್ನಿ ಮೇಡಂ,” ಎಂದಳು. ತಾಯಿ ತೀರಿದ ಮೇಲೆ ಅಪ್ಪ ಅವಳ ಹತ್ತಿರವೇ ಇದ್ದಾರೆ, ಮಂಡಿ ನೋವು, ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ. ಅವರನ್ನೇ ನೋಡಬೇಕು ಎಂದೆ. ಕರೆದುಕೊಂಡು ಹೋಗಿ ಸ್ಟೂಲು ಹಾಕಿ, ಕಾಫಿ ತರುತ್ತೇನೆಂದು ಹೋದಳು.

ನಾನು ಹೇಳಿದೆ. ಆವತ್ತು ಕಂಪ್ಯೂಟರ್ ಏನೂ ಹೇಳಲಿಲ್ಲ, ಅದು ಆಟ, ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ, ನಿಮ್ಮ ಮಗಳು ಹೇಳಿದ್ದೇ ನಿಜ. ಮುದುಕರು ಕೇಳಿಸಿಕೊಂಡರು. ಮಂಡಿ ಉಜ್ಜಿಕೊಂಡರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಗೊತ್ತಿತ್ತು ಕಣವ್ವ,” ಎಂದರು.

“ಏನು ಗೊತ್ತಿತ್ತು?”

“ಅದು ಆಟ ಅಂತ ಆವತ್ತೇ ಗೊತ್ತಾಯ್ತು. ಮಗ್ಳು ಅಷ್ಟ್ ಬಿಡ್ಸಿ ಏಳುದ್ ಮೇಲೆ ಗೊತ್ತಾಗ್ದೆ ಇದ್ದಾತಾ? ನಾನೇನು ದಡ್ನಾ? ಗಂಡಿನೋರು ಒಪ್ಕಂಡ್ಬುಟ್ಟಿದ್ರು. ಇವ್ಳು ಓದ್ತೀನಿ ಓದ್ತೀನಿ ಅಂತ ಊಟ ಬುಟ್ಟು ಕುಂತಿದ್ಲು. ಬಾಯಿ ಮುಚ್ಸಕ್ಕೆ ಒಂದ್ ನೆಪ ಬೇಕಿತ್ತು.” ಅವರು ನನ್ನ ಕಡೆಗೆ ಕೈ ಎತ್ತಿ ಸಮಾಧಾನ ಹೇಳುವಂತೆ ಆಡಿಸಿದರು. “ನೀವೊಂದು ಮಾತೇಳುದ್ರಿ, ಸಲೀಸಾಯ್ತು. ಅದ್ಕೆ ನೀವ್ಯಾಕೆ ಇಷ್ಟ್ ದೂರ ಬರಕ್ಕೋದ್ರಿ?”

ಬಾಗಿಲಲ್ಲಿ ಭಾಗ್ಯ ನಿಂತಿದ್ದಳು. ಎರಡು ಕೈಯಲ್ಲಿ ಎರಡು ಲೋಟ. ಎಷ್ಟು ಹೊತ್ತಿಂದ ನಿಂತಿದ್ದಳೋ. ಲೋಟಗಳನ್ನು ಅಲ್ಲೇ ಕಿಟಕಿಯ ಮೇಲಿಟ್ಟು, “ನಿಮ್ ಬಸ್ಸು ಬರೋ ಒತ್ತಾಯ್ತು ಮೇಡಂ. ಬನ್ನಿ,” ಎಂದಳು. ಮುದುಕರು ಏನೋ ಹೇಳಲು ಬಾಯಿ ತೆರೆದರು. ಅವಳು ಆಗಲೇ ಹೊರಟಿದ್ದಳು.

ರಸ್ತೆ ದಾಟಿ ನಿಂತೆವು. ಲಾರಿಗಳು ಒಂದರ ಹಿಂದೆ ಒಂದು ಹೋದವು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದರೆ ಅವಳೇ ಮಾತು ತೆಗೆದಳು, ರಸ್ತೆ ನೋಡುತ್ತ.

“ನೀವು ಬರ್ಬಾರ್ದಾಗಿತ್ತು ಮೇಡಂ. ಇಷ್ಟ್ ವರ್ಸ ಆ ಕಂಪ್ಯೂಟ್ರು ಯಪ್ಪುಂಗೂ ನಿಮ್ಗೂ ಮನಸ್ನಲ್ಲೇ ಉಗೀತಿದ್ದೆ. ನಮ್ಮಪ್ಪ ಏನೂ ತಿಳೀದೋನು, ನಿಮ್ಮಂತೋರ ಮಾತು ನಂಬಿ ಮೋಸ ಓದ ಅಂತ ಮೂರೊತ್ತೂ ಅವನ ಸೇವೆ ಮಾಡ್ಕಂಡ್ ಬಂದೆ.” ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಒದ್ದೆಯಿಲ್ಲದ ಕೈ. “ಈಗ ಒಳಕ್ಕೋಗಿ ಅವ್ನಿಗೆ ಮುದ್ದೆ ಇಕ್ಬೇಕು ನಾನು.”

ಬಸ್ಸು ಬಂತು. ಅವಳೇ ಕೈ ಅಡ್ಡ ಹಿಡಿದು ನಿಲ್ಲಿಸಿ, ನಾನು ಹತ್ತುವ ಮೊದಲೇ ತಿರುಗಿ ರಸ್ತೆ ದಾಟಿದಳು.